ಪ್ರಿಂಟಿಗೆ ಬಾರದ ಕೋಣೆ

ನಮ್ಮೂರಿನಲ್ಲಿ ಮನೆ ಬದಲಾಯಿಸಬೇಕು ಅನ್ನಿಸಿದವರು ಗಾರೆಯವರನ್ನು ಹುಡುಕಿಕೊಂಡು ಹೋಗುವುದಿಲ್ಲ, ನನ್ನ ಅಂಗಡಿಗೆ ಬರುತ್ತಾರೆ. ಪೇಟೆ ಬೀದಿಯಲ್ಲಿ, ಬಳೆ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ನನ್ನದು. ಒಳಗೆ ಒಂದು ಕಂಪ್ಯೂಟರು, ಗೋಡೆಗೆ ಆನಿಸಿಟ್ಟ, ದೊಡ್ಡ ಹಾಳೆಗೆ ನಕ್ಷೆ ಪ್ರಿಂಟ್ ಮಾಡುವ ಒಂದು ಪ್ಲಾಟರು, ಮೂಲೆಯಲ್ಲಿ ಕಾಗದದ ಸುರುಳಿಗಳು. ಗಿರಣಿಯ ಹಿಟ್ಟು ಗಾಳಿಯಲ್ಲಿ ತೇಲಿ ಬಂದು ಪ್ಲಾಟರಿನ ಮೇಲೆ ಕೂರುತ್ತದೆ. ಬೆಳಗ್ಗೆ ಬೀಗ ತೆಗೆದವನೇ ಮೊದಲು ಅದನ್ನು ಒರೆಸುತ್ತೇನೆ. ಬಂದವರ ಮನೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದು, ದೊಡ್ಡ ಹಾಳೆಯ ಮೇಲೆ ಪ್ರಿಂಟ್ ತೆಗೆದು ಕೊಡುತ್ತೇನೆ. ಸಂಜೆ ಅವರು ಅದನ್ನು ಮುಂಬಾಗಿಲಿನ ಒಳಮೈಗೆ ಗಂಜಿ ಹಚ್ಚಿ ಅಂಟಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಮನೆ ಹಾಳೆಯಲ್ಲಿದ್ದ ಹಾಗೆ ಆಗಿರುತ್ತದೆ.

ಮುಂಬಾಗಿಲು ಮಾತ್ರ ಯಾರ ಹಾಳೆಗೂ ಬಗ್ಗುವುದಿಲ್ಲ. ಅದು ಇದ್ದಲ್ಲೇ, ಇದ್ದಷ್ಟೇ ಇರುತ್ತದೆ. ಹಾಗಾಗಿ ದೊಡ್ಡ ಬಾಗಿಲಿನವರಿಗೆ ದೊಡ್ಡ ಹಾಳೆ, ಸಣ್ಣ ಬಾಗಿಲಿನವರಿಗೆ ಸಣ್ಣ ಹಾಳೆ. ಒಂದು ಬಾಗಿಲಿಗೆ ಒಂದೇ ಹಾಳೆ. ಅಂಟು ಒಣಗಿ ಅದು ತಾನಾಗಿ ಉದುರುವ ತನಕ ಅಲ್ಲಿ ಇನ್ನೊಂದು ನಿಲ್ಲುವುದಿಲ್ಲ. ಕೆಲವರದು ಒಂದು ಬೇಸಿಗೆಗೇ ಉದುರುತ್ತದೆ, ಕೆಲವರದು ವರ್ಷಗಟ್ಟಲೆ ಕಚ್ಚಿಕೊಂಡಿರುತ್ತದೆ. ಆದ್ದರಿಂದ ತಪ್ಪು ಪ್ರಿಂಟ್ ತೆಗೆದರೆ ಆ ತಪ್ಪಿನೊಳಗೇ ಸಂಸಾರ ಮಾಡಬೇಕು.

ನಕ್ಷೆ ಬರೆಯುವುದು ಸುಲಭ. ಕಷ್ಟವೆಲ್ಲ ಇರುವುದು ಪ್ರಿಂಟ್ ಒತ್ತುವ ಮುಂಚೆ ಪರದೆಯ ಮೇಲೆ ಬರುವ ಆ ಚೌಕದಲ್ಲಿ. ಹಾಳೆಯ ಅಳತೆ ಎಷ್ಟು, ಅಡ್ಡಲಾಗಿಯೋ ಉದ್ದವಾಗಿಯೋ, ಅಂಚಿಗೆ ಎಷ್ಟು ಬಿಡಬೇಕು, ಸ್ಕೇಲು ಎಷ್ಟು, ಯಾವ ಗೆರೆ ಎಷ್ಟು ದಪ್ಪ ಬರಬೇಕು, ಯಾವುದು ಬರಬಾರದು, ಎಲ್ಲವನ್ನೂ ಅಲ್ಲಿ ಹೇಳಬೇಕು. ನಮ್ಮಲ್ಲಿ ಸ್ಕೇಲು ಹತ್ತಕ್ಕೆ ಒಂದು. ಹಾಳೆಯಲ್ಲಿ ಒಂದು ಇಂಚು ಎಂದರೆ ಮನೆಯಲ್ಲಿ ಹತ್ತು ಇಂಚು. ಗಿರಣಿಯ ರುದ್ರೇಶಿ ಒಮ್ಮೆ ಅವಸರದಲ್ಲಿ, "ಸ್ಕೇಲು ಗೀಲು ಬ್ಯಾಡಪ್ಪ, ಹಾಳೇಲಿ ಹಿಡಿಯೋ ಹಂಗೆ ಎಲ್ಲಾನೂ ಕುಗ್ಗಿಸಿ ಕೊಟ್ಬಿಡು" ಎಂದ. ಬೇಡ ಎಂದರೂ ಕೇಳಲಿಲ್ಲ. ಬೆಳಗ್ಗೆ ಎದ್ದರೆ ಅವನ ಮನೆಯ ಒಳಬಾಗಿಲುಗಳೆಲ್ಲ ಗಲ್ಲದ ಮಟ್ಟಕ್ಕೆ ಬಂದಿದ್ದವು. ಅವನ ಮನೆಯವರೆಲ್ಲ ಬಗ್ಗಿ ನಡೆಯುವುದನ್ನು ಕಲಿತರು. ಅಭ್ಯಾಸಬಲದಿಂದ ಈಗ ಬೀದಿಯಲ್ಲೂ ಬಗ್ಗಿಯೇ ನಡೆಯುತ್ತಾರೆ. ಪರವೂರಿನವರು ಅವರನ್ನು ನೋಡಿ ಎಷ್ಟು ವಿನಯದ ಜನ ಎಂದುಕೊಳ್ಳುತ್ತಾರೆ. ಬಳೆ ಅಂಗಡಿಯವರ ಬಚ್ಚಲಿನ ಗೋಡೆಯ ಗೆರೆ ತೆಳುವಾಗಿ ಬಂದು, ಗೋಡೆ ಸೀರೆಯ ಹಾಗೆ ಆಗಿತ್ತು. ಸ್ನಾನ ಮಾಡುವವರು ಗಟ್ಟಿಯಾಗಿ ಹಾಡು ಹೇಳುವುದು ಆ ಮನೆಯಲ್ಲಿ ರೂಢಿಯಾಯಿತು. ಆದರೂ ಯಾರೂ ನನ್ನ ಮೇಲೆ ಜಗಳಕ್ಕೆ ಬರಲಿಲ್ಲ. ಹೇಗೋ ಹೊಂದಿಕೊಂಡರು.

ಸರ್ವಮಂಗಳ ಮೊದಲ ಸಲ ಅಂಗಡಿಗೆ ಬಂದದ್ದು ಒಂದು ಕಿಟಕಿಗಾಗಿ. ಅವಳು ನೇಕಾರರ ಓಣಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಗಂಡ ಜ್ವರದಲ್ಲಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವಳು ಮತ್ತು ಅವಳ ಮಾವ, ಇಬ್ಬರೇ. ಆ ಮನೆಯ ಹಾಳೆ ಉದುರಿತ್ತು. ಹೊಲಿಗೆ ಮಿಷನ್ನಿನ ಮೇಲೆ ಬೆಳಗಿನ ಬೆಳಕು ಬೀಳಬೇಕು, ಸೂಜಿಗೆ ದಾರ ಪೋಣಿಸಲು ಕಣ್ಣು ಸೋಲುತ್ತಿದೆ ಎಂದಳು. ಅವರದು ಸಣ್ಣ ಬಾಗಿಲು, ಸಣ್ಣ ಹಾಳೆ. ನಾನು ಕಿಟಕಿಯನ್ನು ಮೂಡಣದ ಗೋಡೆಗೆ ಇಟ್ಟೆ. ಅದು ಹಾಳೆಯ ತುದಿಗೆ ಬಂತು.

"ಇಲ್ಲಿ ಇಟ್ರೆ ಪ್ರಿಂಟಿಗೆ ಬರಲ್ಲ" ಎಂದೆ. "ಪ್ಲಾಟರಿನ ಗಾಲಿಗಳು ಹಾಳೆಯ ಅಂಚು ಹಿಡ್ಕೊಂಡಿರ್ತವೆ. ಆ ಅಂಚಿನ ಮೇಲೆ ಏನು ಬರೆದ್ರೂ ಬೀಳಲ್ಲ."

ಅವಳು ಸ್ವಲ್ಪ ಹೊತ್ತು ಪರದೆಯನ್ನು ನೋಡಿದಳು. "ನಾವು ಬಟ್ಟೆ ಕತ್ತರಿಸುವಾಗ ಹೊಲಿಗೆಗೆ ಅಂತ ಅಂಚು ಬಿಡ್ತೀವಲ್ಲ, ಹಂಗಾ?"

"ಹಂಗೇ."

"ಹಂಗಾದ್ರೆ ಕಿಟಕಿ ಒಳಗೆ ಎಳೀರಿ. ಅಂಚು ತಿಂದ್ರೆ ರವಿಕೆ ಬಿಗಿಯಾಗುತ್ತೆ."

ಇಷ್ಟು ಬೇಗ ಮಾರ್ಜಿನ್ನನ್ನು ಅರ್ಥ ಮಾಡಿಕೊಂಡವರನ್ನು ನಾನು ಕಂಡಿರಲಿಲ್ಲ. ಆಮೇಲೆ ಅವಳು ಮತ್ತೆ ಬಂದಳು, ಕಿಟಕಿಯ ಎತ್ತರ ಕೇಳಲು. ಮತ್ತೆ ಬಂದಳು, ಗೋಡೆಯ ಗೆರೆಯ ದಪ್ಪ ಕೇಳಲು. ಕಿಟಕಿ ಆಗಿ, ಹಾಳೆ ಅಂಟಿ, ಬೆಳಕು ಮಿಷನ್ನಿನ ಮೇಲೆ ಬಿದ್ದ ಮೇಲೂ ಬಂದಳು. ಬಟ್ಟೆ ಕೊಟ್ಟು ವಾಪಸು ಹೋಗುವ ದಾರಿ ಎನ್ನುತ್ತ ಸ್ಟೂಲಿನ ಮೇಲೆ ಕೂತು ನಾನು ಕೆಲಸ ಮಾಡುವುದನ್ನು ನೋಡುತ್ತಿದ್ದಳು. ಒಂದು ದಿನ ಪರದೆಯ ಪಕ್ಕದ ಪಟ್ಟಿಯಲ್ಲಿ ಕೆಲವು ಹೆಸರುಗಳ ಎದುರು ಪುಟ್ಟ ಪ್ರಿಂಟರಿನ ಚಿತ್ರ ಇರುವುದನ್ನೂ, ಕೆಲವುಗಳ ಎದುರು ಅದರ ಮೇಲೆ ಕೆಂಪು ಗೆರೆ ಎಳೆದಿರುವುದನ್ನೂ ತೋರಿಸಿ ಅದೇನೆಂದು ಕೇಳಿದಳು.

"ಅವು ಲೇಯರುಗಳು. ಒಂದರ ಮೇಲೊಂದು ಹಾಸಿದ ತೆಳು ಪದರ ಇದ್ದ ಹಾಗೆ. ಗೋಡೆಗೆ ಒಂದು, ಕಿಟಕಿಗೆ ಒಂದು. ಬೇಕಾದ್ರೆ ಒಂದೊಂದು ಕೋಣೆಗೂ ಒಂದೊಂದು. ಕೆಂಪು ಗೆರೆ ಇದ್ರೆ ಆ ಪದರ ಪ್ರಿಂಟಿಗೆ ಬರಲ್ಲ. ಪರದೆ ಮೇಲೆ ಕಾಣ್ತಾನೇ ಇರುತ್ತೆ, ಹಾಳೆ ಮೇಲೆ ಇರಲ್ಲ."

"ಅಳಿಸಿದ ಹಂಗೆ ಅಲ್ವಾ?"

"ಅಲ್ಲ. ಅದು ಇರುತ್ತೆ. ಮನೇಲಿ ಇರಲ್ಲ, ಅಷ್ಟೇ."

ಅವಳು "ಪಾಪ" ಎಂದಳು. ಒಂದು ಪದರಕ್ಕೆ ಪಾಪ ಎಂದವಳನ್ನು ನೋಡುತ್ತ ನಾನು ಯಾವ ಗೆರೆ ಎಳೆಯುತ್ತಿದ್ದೆ ಎಂಬುದನ್ನೇ ಮರೆತೆ.

ನನಗೆ ಆಗ ನಲವತ್ತು ದಾಟಿತ್ತು. ಅಪ್ಪ ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು ನನ್ನ ಅಕ್ಕ ದಾಕ್ಷಾಯಿಣಿ. ನನ್ನನ್ನು ಬಿಟ್ಟು ಹೋಗಲಾರೆನೆಂದು ಅವಳು ಮದುವೆಯಾಗಲಿಲ್ಲ; ಅವಳನ್ನು ಬಿಟ್ಟು ಏನನ್ನೂ ಮಾಡಿ ಗೊತ್ತಿಲ್ಲದ್ದರಿಂದ ನಾನೂ ಆಗಿರಲಿಲ್ಲ. ಮದುವೆಯ ಮಾತನ್ನು ಎತ್ತುವ ಧೈರ್ಯ ನನ್ನಲ್ಲಿರಲಿಲ್ಲ. ಎತ್ತಿದವರು ಸರ್ವಮಂಗಳಳ ಮಾವ.

ಮರುಳಸಿದ್ದಯ್ಯನವರು ಲಾರಿ ಓಡಿಸಿ ನಿವೃತ್ತರಾದವರು. ಬಹಳ ಎತ್ತರದ ಆಳು. ಆಯುಷ್ಯವೆಲ್ಲ ಸ್ಟಿಯರಿಂಗಿನ ಮುಂದೆ ಕೂತು ಬೆನ್ನು ಕಟ್ಟಿಗೆಯಾಗಿತ್ತು, ಬಗ್ಗುತ್ತಿರಲಿಲ್ಲ. ಕೈಯಿಂದ ಏನಾದರೂ ಬಿದ್ದರೆ ಯಾರನ್ನೂ ಕರೆಯದೆ, ಕಾಲಿನಿಂದ ಮೆಲ್ಲಗೆ ತಳ್ಳಿಕೊಂಡು ಹೋಗಿ ಸೊಸೆಯ ಕಣ್ಣಿಗೆ ಬೀಳುವ ಜಾಗದಲ್ಲಿ ನಿಲ್ಲಿಸುತ್ತಿದ್ದರಂತೆ. ಅವರು ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಒಳಗೆ ಬಂದರು.

"ಓಂಕಾರಪ್ಪ, ನಮ್ಮ ಮಂಗಳ ಇಲ್ಲಿಗೆ ಬರ್ತಿರೋದು ಕಿಟಕಿಗಲ್ಲ ಕಣಪ್ಪ. ಕಿಟಕಿ ಆವಾಗ್ಲೇ ಆಗೋಯ್ತು."

ನಾನು ಮೌಸಿನಿಂದ ಕೈ ತೆಗೆದೆ.

"ನನ್ನ ಮಗ ಒಳ್ಳೆ ಹುಡುಗ ಇದ್ದ. ಇದ್ದಷ್ಟು ದಿನ ಅವಳನ್ನ ಚೆನ್ನಾಗಿ ನೋಡ್ಕಂಡ. ಈಗ ಅವಳು ನನ್ನ ನೋಡ್ಕಂತಾ ಕೂತವ್ಳೆ. ನೀನು ಕೇಳಲ್ಲ, ಅವಳು ಹೇಳಲ್ಲ. ನಡುವೆ ನಾನು ಸತ್ರೆ ಆಮೇಲೆ ಮಾತಾಡಾಣ ಅಂತ ಇಬ್ರೂ ಕಾಯ್ತಿದ್ರೆ, ಅಷ್ಟು ಬೇಗ ನಾನು ಸಾಯಲ್ಲ. ನಮ್ಮ ಮನೆತನದಲ್ಲಿ ಆಯುಷ್ಯ ಜಾಸ್ತಿ."

ಹೀಗೆ ನಮ್ಮ ಮದುವೆ ಗೊತ್ತಾಯಿತು. ಅಕ್ಕ ಬೇಡ ಎನ್ನಲಿಲ್ಲ. ಸರ್ವಮಂಗಳಳನ್ನು ಮನೆಗೆ ಕರೆಸಿ, ಹೋಳಿಗೆ ಮಾಡಿ ಬಡಿಸಿ, ಅವಳು ಹೋದ ಮೇಲೆ "ತಟ್ಟೆಲಿ ಏನೂ ಬಿಡಲಿಲ್ಲ, ಒಳ್ಳೇಳು" ಎಂದಳು. ನಮ್ಮ ಬಾಗಿಲು ದೊಡ್ಡದು. ಹಾಗಾಗಿ ಎಲ್ಲರೂ ನಮ್ಮ ಮನೆಯಲ್ಲೇ ಇರುವುದೆಂದು ತೀರ್ಮಾನವಾಯಿತು. ನಮ್ಮ ಹಳೆಯ ಹಾಳೆ ಮೇಲಿನಿಂದ ಸುರುಟಿಕೊಂಡು ಈಗಲೋ ಆಗಲೋ ಎನ್ನುವಂತಿತ್ತು. ನಾನು ಹೊಸ ಮನೆಯನ್ನು ಬರೆಯಲು ಕೂತೆ.

ನಡುಮನೆ, ಅಡುಗೆಮನೆ, ಬಚ್ಚಲು. ಅಕ್ಕನಿಗೆ ಒಂದು ಕೋಣೆ, ಮರುಳಸಿದ್ದಯ್ಯನವರಿಗೆ ಒಂದು, ನಮ್ಮಿಬ್ಬರಿಗೆ ಒಂದು. ಕೋಣೆಗೊಂದರಂತೆ ಬೇರೆ ಬೇರೆ ಪದರದಲ್ಲಿ ಬರೆದೆ. ಬರೆದು ನೋಡಿದರೆ ಹಾಳೆಯಲ್ಲಿ ಹಿಡಿಯಲಿಲ್ಲ. ಒಂದು ಕೋಣೆಯಷ್ಟು ಜಾಗ ಹೊರಗೆ ಉಳಿಯಿತು. ಸರ್ವಮಂಗಳ ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಸೇರಿ ಅಡುಗೆಮನೆಯನ್ನು ಒತ್ತಿದೆವು, ಬಚ್ಚಲನ್ನು ಒತ್ತಿದೆವು. ಗೋಡೆಯ ಗೆರೆಗಳನ್ನು ತೆಳುವು ಮಾಡಿ ನೋಡಿದೆವು. ಮಾರ್ಜಿನ್ನನ್ನು ಗಾಲಿಗಳ ತನಕ ಸರಿಸಿದೆವು. ಹಾಳೆಯನ್ನು ಅಡ್ಡ ತಿರುಗಿಸಿದರೆ ಎಲ್ಲ ಹಿಡಿಯುತ್ತಿತ್ತು. ಆದರೆ ಮುಂಬಾಗಿಲಿನ ಎದುರಿಗೆ ಬಚ್ಚಲಿನ ಗೋಡೆ ಬರುತ್ತಿತ್ತು, ಮನೆಯೊಳಗೆ ಹೋಗಲು ದಾರಿಯೇ ಇರುತ್ತಿರಲಿಲ್ಲ. ಕೊನೆಗೆ ಸ್ಕೇಲನ್ನು ಸ್ವಲ್ಪ ಇಳಿಸೋಣವೇ ಎಂದೆ.

"ಬ್ಯಾಡ" ಎಂದಳು. "ನೀವು ಬಗ್ತೀರಿ, ನಾನು ಬಗ್ತೀನಿ. ಮಾವನ ಕೈಲಿ ಆಗಲ್ಲ."

ಆವತ್ತು ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ. ಅವಳು ಸಾರು ಬಡಿಸುತ್ತ, "ಹಿಡಿಯಲ್ಲ ಅಂದ್ರೆ ಒಂದು ಕೋಣೆ ಬಿಡು" ಎಂದಳು.

"ಯಾವುದು ಬಿಡ್ಲಿ?"

"ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ? ಅವಳು ನಿನ್ನ ಹೆಂಡ್ತಿ ಆಗ್ತಾಳೆ, ಸರಿ. ಅವಳ ಸತ್ತ ಗಂಡನ ಅಪ್ಪ ನಿನಗೆ ಏನಾಗ್ಬೇಕು? ನನಗೆ ಏನಾಗ್ಬೇಕು? ಆ ಸಂಬಂಧಕ್ಕೆ ಒಂದು ಹೆಸರೇ ಇಲ್ಲ. ನಾಳೆ ಯಾರಾದ್ರೂ ಮನೆಗೆ ಬಂದು ಇವರು ಯಾರು ಅಂದ್ರೆ ನಾನು ಏನು ಹೇಳ್ಲಿ?"

ಆ ಮಾತು ತಪ್ಪು ಅನ್ನಿಸುತ್ತಿತ್ತು, ಆದರೆ ಎಲ್ಲಿ ತಪ್ಪು ಎಂದು ತೋರಿಸಲು ಆಗಲಿಲ್ಲ. ಉಂಡು ಎದ್ದೆ.

ಮರುದಿನ ಸರ್ವಮಂಗಳ ಬಟ್ಟೆ ಕೊಡಲು ಹೋಗಿದ್ದ ಹೊತ್ತು ನೋಡಿಕೊಂಡು ಮರುಳಸಿದ್ದಯ್ಯನವರು ಅಂಗಡಿಗೆ ಬಂದರು. ಕೂರಿ ಎಂದರೆ ಕೂರಲಿಲ್ಲ. ನನ್ನ ಹಿಂದೆ ನಿಂತು ಪರದೆ ನೋಡಿದರು.

"ಇದರಲ್ಲಿ ನನ್ನದು ಯಾವುದು?"

ತೋರಿಸಿದೆ. ಅವರ ಮಂಚಕ್ಕೆ ತಕ್ಕ ಹಾಗೆ ಉದ್ದ ಮಾಡಿದ್ದ ಕೋಣೆ.

"ದೊಡ್ಡದು ಮಾಡಿದ್ದೀಯ" ಎಂದರು. ಆಮೇಲೆ ಹೇಳಿದರು: "ಅದೇನೋ ಪದರ ಅಂತೆ. ಪರದೆ ಮೇಲೆ ಇರುತ್ತಂತೆ, ಹಾಳೆಗೆ ಬರಲ್ವಂತೆ. ಮಂಗಳ ಮನೇಲಿ ಎಲ್ಲಾ ಹೇಳ್ತಾಳೆ. ನನ್ನ ಕೋಣೆನ ಹಂಗೆ ಮಾಡು."

"ಅಯ್ಯಾ..."

"ಅಳಿಸಬ್ಯಾಡ. ಅಳಿಸಿದ್ರೆ ಅವಳಿಗೆ ಗೊತ್ತಾಗುತ್ತೆ. ಅವಳು ಬಂದು ನೋಡಿದಾಗ ಪರದೆ ಮೇಲೆ ಇರ್ಲಿ. ಅಂಟಿಸಿ, ಬೆಳಗಾದ ಮೇಲೆ ಇಲ್ಲ ಅಂದ್ರೆ, ಏನೋ ಪ್ರಿಂಟು ತಪ್ಪಿ ಹೋಯ್ತು ಅಂತೀಯ. ಆಮೇಲೆ ಯಾರೂ ಏನೂ ಮಾಡೋ ಹಂಗಿಲ್ಲ. ಹೆದ್ದಾರಿ ಪಕ್ಕ ನನ್ನ ಹಳೇ ಕ್ಲೀನರು ಢಾಬಾ ಇಟ್ಟವ್ನೆ. ಹಗ್ಗದ ಮಂಚ ಅವೆ, ಹೊತ್ತೊತ್ತಿಗೆ ರೊಟ್ಟಿ. ಲಾರಿ ಸದ್ದು ಕೇಳ್ತಾ ಮಲಗೋದು ನನಗೇನು ಹೊಸದಾ?"

"ಅವಳು ಒಪ್ಪಲ್ಲ."

"ಅದಕ್ಕೇ ಅವಳನ್ನ ಕೇಳ್ತಿಲ್ಲ, ನಿನ್ನ ಕೇಳ್ತಿದ್ದೀನಿ. ನನ್ನಿಂದ ಅವಳ ಮದುವೆ ಒಂದು ಸಲ ತಡ ಆಗೈತೆ. ಇನ್ನೊಂದ್ಸಲ ಬ್ಯಾಡ. ಮಾಡು, ನಾನು ನೋಡ್ತೀನಿ."

ಅವರು ನನ್ನ ಕುರ್ಚಿಯ ಹಿಂಬದಿ ಹಿಡಿದುಕೊಂಡು ನಿಂತಿದ್ದರು. ನಾನು ಅವರ ಕೋಣೆಯ ಪದರದ ಎದುರಿದ್ದ ಪುಟ್ಟ ಪ್ರಿಂಟರಿನ ಮೇಲೆ ಒತ್ತಿದೆ. ಕೆಂಪು ಗೆರೆ ಬಿತ್ತು.

"ಆಯ್ತಾ?"

"ಆಯ್ತು."

ಅವರು ನನ್ನ ಬೆನ್ನು ತಟ್ಟಿ ಹೋದರು. ನಾನು ಉಳಿದ ಕೋಣೆಗಳನ್ನು ಸ್ವಲ್ಪ ಸರಿಸಿ, ಪ್ರಿಂಟು ಹೇಗೆ ಬರುತ್ತದೆಂದು ಪರದೆಯ ಮೇಲೆ ಪ್ರಿವ್ಯೂ ನೋಡಿದೆ. ಹಾಳೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂದರೆ, ನಾಲ್ಕೂ ಕಡೆ ಅಂಚು ಸಮವಾಗಿ ಬಂದಿತ್ತು. ನನಗೆ ಹೆದರಿಕೆಯಾದದ್ದೇ ಅದನ್ನು ನೋಡಿ.

ಸಂಜೆ ಅಕ್ಕನಿಗೆ ನಡೆದದ್ದನ್ನು ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು.

"ಅವರೇ ಬಂದು ಹಂಗೆ ಕೇಳಿದ್ರಾ?"

"ಹೂಂ."

"ನಿಂತ್ಕೊಂಡು ನೋಡಿದ್ರಾ? ನೀನು ಆ ಗೆರೆ ಎಳೆಯೋದನ್ನ?"

"ಹೂಂ."

ಅಕ್ಕ ಸೊಪ್ಪನ್ನು ಮೊರದಲ್ಲೇ ಬಿಟ್ಟು ತನ್ನ ಕೋಣೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಾನು ಬಾಗಿಲ ಹತ್ತಿರ ಹೋಗಿ ನೋಡಿದರೆ, ಮಂಚದ ಮೇಲೆ ಕೂತು ಕೋಣೆಯ ನಾಲ್ಕು ಗೋಡೆಗಳನ್ನೂ ನೋಡುತ್ತಿದ್ದಳು.

"ನಿನ್ನ ಮದುವೆ ಮಾತು ಬಂದಾಗಿಂದ ನನಗೆ ಒಂದೇ ಯೋಚ್ನೆ" ಎಂದಳು. "ಹಿಡಿಯಲ್ಲ ಅಂದ್ರೆ ಮೊದಲು ಹೋಗೋದು ನನ್ನ ಕೋಣೆ ಅಂತ. ಅದಕ್ಕೇ ನೀನು ನನ್ನದು ಅನ್ನೋಕೆ ಮುಂಚೆ ನಾನೇ ಅವರದ್ದನ್ನ ತೋರಿಸ್ದೆ. ಅವರು ತಾವಾಗೇ ಹೋಗಿ ಹಂಗಂದ್ರು ಅಂದ್ರೆ..." ಅವಳು ಮಾತು ಮುಗಿಸಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಆ ಗೆರೆ ತೆಗಿ. ಹೆಂಗಾದ್ರೂ ಮಾಡು" ಎಂದಳು.

ಹೇಗೆ ಎಂದು ನನಗೆ ತಿಳಿದಿರಲಿಲ್ಲ. ಮಾರನೆಯ ದಿನ ಸರ್ವಮಂಗಳ ಅಂಗಡಿಗೆ ಬಂದಳು. ಪರದೆಯ ಮೇಲೆ ಎಲ್ಲ ಕೋಣೆಗಳೂ ಇದ್ದವು. ಅವಳು ಒಂದೊಂದನ್ನೂ ಬೆರಳಿಟ್ಟು ಹೆಸರು ಹೇಳಿದಳು. ಮಾವನ ಕೋಣೆಗೆ ಬಂದಾಗ, "ಈ ಬಾಗಿಲು ಇನ್ನೂ ಎತ್ತರ ಬೇಕು. ನಮ್ಮ ಮನೇಲಿ ಅವರು ಅಡ್ಡ ತಿರುಗಿ ಕತ್ತು ಓರೆ ಮಾಡ್ಕೊಂಡು ಹೋಗ್ತಾರೆ" ಎಂದಳು. "ಎಲ್ಲಾ ಹಿಡೀತಾ ಹಂಗಾದ್ರೆ?"

ಮರುಳಸಿದ್ದಯ್ಯನವರು ನನ್ನ ಮೇಲಿಟ್ಟ ಭರವಸೆ ಒಂದು ಕಡೆ, ಇವಳ ಬೆರಳು ಒಂದು ಕಡೆ. ಪ್ರಿವ್ಯೂ ಒತ್ತಿದೆ. ಪರದೆ ಬೆಳ್ಳಗಾಗಿ, ಹಾಳೆ ಮೂಡಿತು. ನಡುಮನೆ, ಅಡುಗೆಮನೆ, ಬಚ್ಚಲು, ಅಕ್ಕನ ಕೋಣೆ, ನಮ್ಮ ಕೋಣೆ.

ಅವಳ ಬೆರಳು ಇದ್ದಲ್ಲೇ ನಿಂತಿತ್ತು. ಅದರ ಕೆಳಗೆ ಏನೂ ಇರಲಿಲ್ಲ.

"ನೀವಾ?" ಎಂದಳು. ಅವಳ ದನಿ ಬದಲಾಗಿತ್ತು.

"ಅವರೇ ಬಂದು ಮಾಡಿಸಿದ್ರು. ನಿನಗೆ ಹೇಳಬೇಡ ಅಂದ್ರು."

ಅವಳು ಸ್ಟೂಲಿನಿಂದ ಎದ್ದಳು. ಹೋಗಿಬಿಡುತ್ತಾಳೆ ಎಂದುಕೊಂಡೆ. ಪಕ್ಕದ ಗಿರಣಿಯಲ್ಲಿ ಯಾರದೋ ರಾಗಿ ಬೀಸುತ್ತಿತ್ತು, ಅದು ನಿಲ್ಲುವ ತನಕ ಅವಳು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಳು. ಆಮೇಲೆ ವಾಪಸು ಬಂದು ಕೂತಳು.

"ನನ್ನ ಗಂಡ ಹೋದ ದಿನ ಎಲ್ಲರೂ ನನ್ನ ತವರಿಗೆ ಕರ್ಕೊಂಡು ಹೋಗಿ ಅಂದ್ರು. ಮಾವ ಮಾತ್ರ, ಅವಳು ಇರೋ ಮನೆ ಅವಳದು, ನಾನೇ ಬೇಕಾದ್ರೆ ಹೊರಗೆ ಮಲಗ್ತೀನಿ ಅಂದ್ರು. ಅವತ್ತೂ ಹಂಗೇ, ಇವತ್ತೂ ಹಂಗೇ. ಹೊರಗೆ ಹೋಗೋದೊಂದೇ ಗೊತ್ತು ಅವರಿಗೆ." ಕಣ್ಣು ಒರೆಸಿಕೊಂಡು ಕೈ ಚಾಚಿದಳು. "ಮೌಸ್ ಕೊಡ್ರಿ ಇಲ್ಲಿ."

ಕೊಟ್ಟೆ. ಅವಳು ಮಾವನ ಪದರದ ಮೇಲಿನ ಕೆಂಪು ಗೆರೆಯನ್ನು ತೆಗೆದಳು. ಹಾಳೆಯ ಅಂಚು ಮೀರಿತು. ಆಮೇಲೆ ಪಟ್ಟಿಯಲ್ಲಿ ಕೆಳಗೆ ಹೋಗಿ, ನಮ್ಮಿಬ್ಬರ ಕೋಣೆಯ ಎದುರು ಒತ್ತಿದಳು. ಕೆಂಪು ಗೆರೆ ಬಿತ್ತು.

"ಮಂಗಳಾ" ಎಂದೆ.

"ಮದುವೆ ಆಗ್ತಿರೋರು ನಾವು. ಜಾಗ ಬಿಡೋರೂ ನಾವೇ ಆಗ್ಬೇಕು. ನಡುಮನೇಲಿ ಮಿಷನ್ ಪಕ್ಕ ಇಬ್ಬರು ಮಲಗೋಷ್ಟು ಜಾಗ ಐತೆ. ನಾನು ಅಳತೆ ಹಾಕಿದ್ದೀನಿ." ಹಾಗೆನ್ನುತ್ತ ಅವಳ ಮುಖ ಕೆಂಪಗಾಯಿತು. ನಾನು ಮಾವನ ಕೋಣೆಯನ್ನು ನಮ್ಮ ಕೋಣೆ ಇದ್ದ ಕಡೆಗೆ ಸರಿಸಿದೆ, ಬಾಗಿಲನ್ನು ಅವಳು ಹೇಳಿದಷ್ಟು ಎತ್ತರ ಮಾಡಿದೆ. ಪ್ರಿಂಟ್ ಅವಳೇ ಒತ್ತಿದಳು. ಪ್ಲಾಟರು ಕಿರ್ ಎನ್ನುತ್ತ ಅತ್ತಿಂದಿತ್ತ ಓಡಿ ಹಾಳೆಯನ್ನು ಹೊರಗೆ ಬಿಟ್ಟಿತು.

ನಮ್ಮ ಹಳೆಯ ಹಾಳೆ ಆ ವಾರವೇ ಉದುರಿತು. ಮಠದಲ್ಲಿ ಮದುವೆ ಸರಳವಾಗಿ ಆಯಿತು. ಅವತ್ತು ಸಂಜೆ ಅಕ್ಕ ಮತ್ತು ನಾನು ಹೊಸ ಹಾಳೆಯನ್ನು ಅಂಟಿಸಿದೆವು. ಸರ್ವಮಂಗಳ ಮಾವನ ಜೊತೆ ಓಣಿಯ ಮನೆ ಖಾಲಿ ಮಾಡಿಕೊಂಡು ಬೆಳಗ್ಗೆ ಬರುವುದೆಂದು ಆಗಿತ್ತು.

ಬೆಳಗ್ಗೆ ಲಗೇಜ್ ಆಟೋ ಬಂತು. ಹೊಲಿಗೆ ಮಿಷನ್ನು, ಪಾತ್ರೆ, ಉದ್ದನೆಯ ಮಂಚ ಇಳಿದವು. ಮರುಳಸಿದ್ದಯ್ಯನವರು ಡ್ರೈವರಿಗೆ, "ನೀನು ನಿಂತಿರಪ್ಪ, ನಾನು ಹೆದ್ದಾರಿ ತನಕ ಹೋಗೋದೈತೆ" ಎಂದರು. ಸೀಟಿನ ಮೇಲೆ ಅವರದೊಂದು ಚೀಲ ಇತ್ತು. ಅಕ್ಕ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಆ ಚೀಲವನ್ನು ಎತ್ತಿಕೊಂಡು, "ನೀನು ಹೊರಡು ಮಾರಾಯ" ಎಂದು ಆಟೋವನ್ನು ಕಳಿಸಿಬಿಟ್ಟಳು. ಚೀಲ ಒಳಗೆ ಹೋದದ್ದರಿಂದ ಅವರೂ ಹಿಂದೆಯೇ ಹೋಗಬೇಕಾಯಿತು.

ಅಕ್ಕ ಚೀಲವನ್ನು ಅವರ ಕೋಣೆಯಲ್ಲಿಟ್ಟಳು. ಅವರು ಕೋಣೆಯ ಬಾಗಿಲಲ್ಲಿ ನಿಂತರು. ಅಭ್ಯಾಸದಂತೆ ಅಡ್ಡ ತಿರುಗಿದರು, ಕತ್ತು ಓರೆ ಮಾಡಿದರು. ಆಮೇಲೆ ಮೇಲೆ ನೋಡಿದರು. ತಲೆಯ ಮೇಲೆ ಇನ್ನೂ ಒಂದು ಗೇಣು ಜಾಗವಿತ್ತು. ಅವರು ನೇರವಾಗಿ ನಿಂತು, ಎದುರು ಮುಖವಾಗಿ ಒಳಗೆ ಹೋದರು. ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋದರು. ಸರ್ವಮಂಗಳ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುವ ಸದ್ದು ಮಾಡುತ್ತಿದ್ದಳು, ಈ ಕಡೆ ಬರಲೇ ಇಲ್ಲ.

ಅವರು ಮನೆಯೆಲ್ಲ ತಿರುಗಿ ನೋಡಿ ನನ್ನ ಹತ್ತಿರ ಬಂದರು. "ನಿಮ್ಮದೆಲ್ಲಿ?"

ನಾನು ತೊದಲಿದೆ. ಅಕ್ಕ ಮಂಚದ ಮೇಲೆ ಚಾದರ ಹಾಸುತ್ತ, "ಅವರದು ಕಂಪ್ಯೂಟರ್ ಒಳಗೈತೆ. ನಿಮ್ಮದಕ್ಕಿಂತ ದೊಡ್ಡದು. ಬೇಕಾದ್ರೆ ಅಂಗಡಿಗೆ ಹೋಗಿ ನೋಡ್ಕಂಡು ಬರ್ರಿ" ಎಂದಳು.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಮಂಚದ ತುದಿಯಲ್ಲಿ ಕೂತು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ.

ಹೀಗೆ ನಮ್ಮ ಸಂಸಾರ ನಡುಮನೆಯಲ್ಲಿ ಶುರುವಾಯಿತು. ಮಿಷನ್ನಿನ ಪಕ್ಕ ಹಾಸಿಗೆ ಹಾಸಿಕೊಳ್ಳುತ್ತಿದ್ದೆವು, ಬೆಳಗಾದರೆ ಸುತ್ತಿಡುತ್ತಿದ್ದೆವು. ಮರುಳಸಿದ್ದಯ್ಯನವರು ಬೆಳಕು ಹರಿಯುವ ಮೊದಲೇ ಎದ್ದು ಬಚ್ಚಲಿಗೆ ಹೋಗುವಾಗ, ಕೆಳಗೆ ಬಗ್ಗಿ ನೋಡಲಾಗದ ಕಾರಣ ಕೋಲಿನಿಂದ ನೆಲ ಮುಟ್ಟಿಕೊಂಡು, "ನಾನು, ನಾನು" ಎನ್ನುತ್ತ ಹೋಗುತ್ತಿದ್ದರು. ಅಕ್ಕ ನೀರು ಕುಡಿಯಲು ಬರುವಾಗ ಮೊದಲು ತನ್ನ ಕೋಣೆಯೊಳಗೇ ಬಳೆ ಸದ್ದು ಮಾಡುತ್ತಿದ್ದಳು. ಊರಿನವರು ನನ್ನನ್ನು ಕಂಡರೆ, "ಊರಿಗೆಲ್ಲ ಕೋಣೆ ಕೊಟ್ಟೋನಿಗೆ ಕೋಣೆ ಇಲ್ಲ" ಎಂದು ನಗುತ್ತಿದ್ದರು. ಸರ್ವಮಂಗಳ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನಗೆ ಮಾತ್ರ ಕೆಲವೊಮ್ಮೆ, ಅವಳ ಜೊತೆ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತು ಮಾತಾಡಬೇಕು ಅನ್ನಿಸುತ್ತಿತ್ತು. ಹೇಳಿಕೊಳ್ಳಲಿಲ್ಲ.

ಒಂದು ಸಂಜೆ ನಾನು ಅಂಗಡಿ ಮುಚ್ಚಿ ಬಂದು ಕಾಲು ತೊಳೆಯುತ್ತಿದ್ದೆ. ಮರುಳಸಿದ್ದಯ್ಯನವರು ನಡುಮನೆಯಲ್ಲಿ ನಿಂತು, "ಅಕ್ಕಾರೆ, ಕೆರೆ ಏರಿ ಮೇಲೆ ಗಾಳಿ ಚೆನ್ನಾಗಿರುತ್ತಂತೆ" ಎಂದರು.

"ನನಗೆ ಗಾಳಿ ಆಗಲ್ಲ" ಎಂದಳು ಅಕ್ಕ.

"ನನಗೂ ಆಗಲ್ಲ."

ಅಕ್ಕ ಅವರ ಮುಖ ನೋಡಿದಳು. ಆಮೇಲೆ ನನ್ನನ್ನು, ಅಡುಗೆಮನೆಯಲ್ಲಿದ್ದ ಸರ್ವಮಂಗಳಳನ್ನು ನೋಡಿದಳು. ಒಳಗೆ ಹೋಗಿ ಶಾಲು ಹೊದ್ದುಕೊಂಡು ಬಂದಳು. ಇಬ್ಬರೂ ಹೊರಟರು. ಮುಂದೆ ಅವರು ಕೋಲೂರಿಕೊಂಡು, ಹಿಂದೆ ಇವಳು ಚಪ್ಪಲಿ ಎಳೆದುಕೊಂಡು. ನಾನೂ ಸರ್ವಮಂಗಳಳೂ ಬಾಗಿಲಲ್ಲಿ ನಿಂತು ನೋಡಿದೆವು. ಅವರು ಬೀದಿಯ ತಿರುವು ದಾಟಿದ ಮೇಲೆ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅಲ್ಲಿಂದ ಅದು ದಿನದ ಪದ್ಧತಿಯಾಯಿತು. ಮೊದಮೊದಲು ಇಬ್ಬರೂ ಮಾತಿಲ್ಲದೆ ಹೋಗಿ ಮಾತಿಲ್ಲದೆ ಬರುತ್ತಿದ್ದರು. ವಾಪಸು ಬರುವಾಗ ಬೀದಿಯ ತಿರುವಿನಲ್ಲಿ ಮರುಳಸಿದ್ದಯ್ಯನವರು ಗಟ್ಟಿಯಾಗಿ ಕೆಮ್ಮುತ್ತಿದ್ದರು. ಸಾಲದು ಎಂಬಂತೆ ಅಕ್ಕನೂ ಕೆಮ್ಮುತ್ತಿದ್ದಳು. ಅಕ್ಕಪಕ್ಕದವರಿಗೂ ಗೊತ್ತಾಗಿ ಹೋಯಿತು. ಯಾರಾದರೂ ಹೊಸಬರು ಅವರನ್ನು ಕಂಡು "ಇವರು ನಿಮಗೆ ಏನಾಗ್ಬೇಕು?" ಎಂದು ಕೇಳಿದರೆ ಅಕ್ಕ, "ನಮ್ಮ ಮನೇವ್ರು" ಎಂದುಬಿಟ್ಟು, ಆ ಮಾತಿಗೆ ಬೇರೆ ಅರ್ಥವೂ ಇದೆಯೆಂದು ಆಮೇಲೆ ಹೊಳೆದು, "ಅಂದ್ರೆ, ಮನೇಲಿರೋರು" ಎಂದು ತಿದ್ದುತ್ತಿದ್ದಳು. ಮರುಳಸಿದ್ದಯ್ಯನವರು ಆ ಕಡೆ ಮುಖ ಮಾಡಿ ನಗುತ್ತಿದ್ದರು.

ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಬೀದಿಯಲ್ಲಿ ಹಾಳೆಗಳು ಉದುರಿದವು, ಜನ ಹೊಸ ಪ್ರಿಂಟಿಗೆ ಬಂದರು. ನಮ್ಮದು ಮಾತ್ರ ಬಾಗಿಲಿಗೆ ಅಚ್ಚೊತ್ತಿದ ಹಾಗೆ ಇತ್ತು. ಅದೇ ಸುರುಳಿಯಿಂದ ಕತ್ತರಿಸಿ ಕೊಟ್ಟ ಹಾಳೆಗಳು ಬೇರೆಯವರ ಮನೆಯಲ್ಲಿ ನೆಲಕ್ಕೆ ಬಿದ್ದಿರುವಾಗ ಇದು ಹೇಗೆ ನಿಂತಿದೆ ಎಂದು ನನಗೆ ಆಶ್ಚರ್ಯ.

ಒಂದು ಸಂಜೆ ಹೊತ್ತು ಮುಳುಗಿದರೂ ಅವರಿಬ್ಬರೂ ಬರಲಿಲ್ಲ. ಕೆಮ್ಮು ಕೇಳಲಿಲ್ಲ. ಸರ್ವಮಂಗಳ ಎರಡು ಸಲ ಬೀದಿಗೆ ಹೋಗಿ ನೋಡಿ ಬಂದಳು. ಮರುಳಸಿದ್ದಯ್ಯನವರ ಬೆನ್ನಿಗೆ ಏನಾದರೂ ಆಯಿತೋ ಏನೋ ಎಂದು ಗಾಬರಿಯಾಗಿ ನಾವು ಬಾಗಿಲು ಎಳೆದುಕೊಂಡು ಕೆರೆಯ ಕಡೆ ಹೋದೆವು.

ಏರಿಯ ಮೇಲೆ ಕಲ್ಲುಬೆಂಚಿನಲ್ಲಿ ಇಬ್ಬರೂ ಕೂತಿದ್ದರು. ನಡುವೆ ಕಡಲೆಕಾಯಿಯ ಪೊಟ್ಟಣ. ಅಕ್ಕ ಸುಲಿದು ಇಡುತ್ತಿದ್ದಳು, ಅವರು ತಿನ್ನುತ್ತಿದ್ದರು. ಬೆನ್ನು ನಮ್ಮ ಕಡೆಗಿತ್ತು. ಕರೆಯಬೇಕೆಂದು ಬಾಯಿ ತೆರೆದೆ. ಸರ್ವಮಂಗಳ ನನ್ನ ತೋಳು ಹಿಡಿದಳು.

"ನಿಮ್ಮ ತಮ್ಮ ಎಲ್ಲಿಂದ ತಂದ ಆ ಹಾಳೆನ?" ಎನ್ನುತ್ತಿದ್ದರು ಮರುಳಸಿದ್ದಯ್ಯನವರು. "ದಿನಾ ಬೆಳಗ್ಗೆ ಎದ್ದು ಅಂಚು ಮುಟ್ಟಿ ನೋಡ್ತೀನಿ. ಬಿಡೋ ಹಂಗೇ ಕಾಣಲ್ಲ. ಬಿಟ್ಟಿದ್ರೆ ಈ ಸಲ ನನ್ನದು ತೆಗೆಸಿ ಅವರದು ಹಾಕಿಸ್ತಿದ್ದೆ."

"ಒಳ್ಳೆ ಹಾಳೆ" ಎಂದಳು ಅಕ್ಕ.

"ರುದ್ರೇಶಿ ಮನೇದು ಹೋಯ್ತು, ಬಳೆಯವರದ್ದು ಹೋಯ್ತು."

"ಅವರದು ಕಳಪೆ. ನಿಮಗೆ ಇನ್ನೂ ಬೇಕಾ, ಸಾಕಾ?" ಎಂದು ಅಕ್ಕ ಪೊಟ್ಟಣವನ್ನು ಅವರ ಕಡೆ ಸರಿಸಿದಳು.

ಸರ್ವಮಂಗಳ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಅಕ್ಕ ಮಧ್ಯಾಹ್ನ ಮಾವ ಮಲಗಿದಾಗ ಗಂಜಿ ಕಾಯಿಸ್ತಾರೆ. ಅಂಚಿಗೆಲ್ಲ ಹಚ್ಚಿ, ಬಟ್ಟೇಲಿ ಒತ್ತಿ, ಒಣಗೋ ತನಕ ಅಲ್ಲೇ ನಿಂತಿರ್ತಾರೆ. ನಾನು ಮಿಷನ್ ತುಳೀತಾ ನೋಡದ ಹಂಗೆ ಇರ್ತೀನಿ."

ಬೆಂಚಿನ ಹಿಂದೆ ಸ್ವಲ್ಪ ದೂರದಲ್ಲಿ ಏರಿಗೆ ಹತ್ತುವ ಮೆಟ್ಟಿಲುಗಳಿದ್ದವು. ನಾವಿಬ್ಬರೂ ಸದ್ದು ಮಾಡದೆ ಅಲ್ಲಿ ಕೂತೆವು. ಅವರ ಮಾತು ಕಡಲೆಕಾಯಿಯಿಂದ ಲಾರಿಗೆ, ಲಾರಿಯಿಂದ ಅಕ್ಕ ಚಿಕ್ಕವಳಿದ್ದಾಗ ಕಂಡ ಯಾವುದೋ ಊರಿಗೆ ಹೋಯಿತು. ನೀರಿನ ಮೇಲೆ ಗಾಳಿ ಬೀಸುತ್ತಿತ್ತು. ಸರ್ವಮಂಗಳ ನನ್ನ ಭುಜಕ್ಕೆ ಒರಗಿದಳು. ಮನೆಯಲ್ಲಿ ದೀಪ ಹಾಗೇ ಉರಿಯುತ್ತಿತ್ತು, ಒಳಗೆ ಯಾರೂ ಇರಲಿಲ್ಲ; ಹೋಗೋಣ ಎಂದು ನಮಗಿಬ್ಬರಿಗೂ ಅನ್ನಿಸಲಿಲ್ಲ.